ಪುಡಿ ತರಬೇಡಿ, ಇಡಿಯಾಗಿ ತನ್ನಿ

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಆಯುರ್ವೇದ ಕ್ಲಿನಿಕ್ ಇದೆ. ಹಿಂದಿನ ಕೋಣೆಯಲ್ಲಿ ಪುಟ್ಟ ಗಿರಣಿ, ತಕ್ಕಡಿ, ಗೋಡೆಗುಂಟ ಸ್ಟೀಲ್ ಡಬ್ಬಿಗಳು. ಚೂರ್ಣ, ಕಷಾಯದ ಪುಡಿ ಎಲ್ಲ ಹೆಚ್ಚಾಗಿ ಇಲ್ಲೇ ಆಗುತ್ತದೆ. ವೈದ್ಯರು ತಮ್ಮ ರೋಗಿಗಳಿಗಷ್ಟೇ ಔಷಧಿ ಮಾಡಿ ಕೊಟ್ಟರೆ ತಯಾರಿಕೆಯ ಲೈಸೆನ್ಸ್ ಬೇಕಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲೇ ಆ ವಿನಾಯಿತಿ ಇದೆ. ಅಂಗಡಿಗೆ ಹಾಕಿ ಮಾರುವಂತಿಲ್ಲ, ಅಷ್ಟೇ. ಲೈಸೆನ್ಸ್ ಬೇಡ ಅಂದಮೇಲೆ ಬಂದು ಡಬ್ಬಿ ತೆಗೆದು ನೋಡುವವರೂ ಇಲ್ಲ. ಆ ಕೆಲಸವೂ ನಮ್ಮ ತಲೆ ಮೇಲೇ ಬಂತು.

ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದವರು ಫೋನ್ ಮಾಡಿ, "ಸರ್, ಒಳ್ಳೇ ಅಶ್ವಗಂಧ ಪುಡಿ ಎಲ್ಲಿ ಸಿಗುತ್ತೆ?" ಅಂತ ಕೇಳುತ್ತಾರೆ. ಪುಡಿಯನ್ನು ಎಲ್ಲೂ ತಗೋಬೇಡಿ, ಬೇರು ತಗೊಳ್ಳಿ ಅನ್ನುತ್ತೇನೆ. ಬೇರು, ತೊಗಟೆ, ಎಲೆ ಇಡಿಯಾಗಿದ್ದಾಗ ಅದರಲ್ಲಿ ಏನು ಸೇರಿದೆ ಅಂತ ಕಣ್ಣಿಗೆ ಕಾಣುತ್ತದೆ. ಒಮ್ಮೆ ಗಿರಣಿಗೆ ಬಿತ್ತೋ, ಮುಗೀತು. ಆಮೇಲೆ ಅದನ್ನು ಪತ್ತೆ ಮಾಡೋಕೆ ಸೂಕ್ಷ್ಮದರ್ಶಕ ಬೇಕು, ಲ್ಯಾಬ್ ಬೇಕು, ದುಡ್ಡು ಬೇಕು.

ನಾನು ಮಾಡುವ ಪರೀಕ್ಷೆಗೆ ದೊಡ್ಡ ಸಾಮಾನೇನೂ ಬೇಡ. ಬಿಳಿ ಪಿಂಗಾಣಿ ಟ್ರೇ, ಒಂದು ಲೆನ್ಸ್, ಗ್ರಾಂ ತೂಗುವ ತಕ್ಕಡಿ, ಚಿಕ್ಕ ಚಾಕು, ಗಾಜಿನ ಲೋಟ. ನಮ್ಮ ಆಯುರ್ವೇದ ಫಾರ್ಮಾಕೊಪಿಯಾದಲ್ಲೇ, ಅಂದರೆ ಔಷಧಿಗಳ ಗುಣಮಟ್ಟ ಹೇಳುವ ಸರಕಾರಿ ಗ್ರಂಥದಲ್ಲೇ, ವಿಧಾನ ಹೇಳಿದ್ದಾರೆ: 100ರಿಂದ 500 ಗ್ರಾಂ ಮಾಲು ತೂಗಿ, ತೆಳುವಾಗಿ ಹರಡಿ, ಬರಿಗಣ್ಣಿಂದ ಅಥವಾ 6 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿಂದ ನೋಡಿ, ಸಂಬಂಧವಿಲ್ಲದ್ದನ್ನು ಆರಿಸಿ ತೂಗಬೇಕು. ಹೆಚ್ಚಿನ ದ್ರವ್ಯಗಳಿಗೆ ಇದು ನೂರಕ್ಕೆ 2ರ ಮೇಲೆ ಹೋಗಬಾರದು. ಓದುವಾಗ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿ ಮರೆತುಬಿಡುವ ಸಾಲು ಇದು. ನಿಜವಾಗಿ ಮಾಡಿ ನೋಡಿದರೆ ಅರ್ಧ ಕಲಬೆರಕೆ ಇಲ್ಲೇ ಸಿಕ್ಕಿಬೀಳುತ್ತದೆ.

ಸೋನಾಮುಖಿಯನ್ನೇ ತಗೊಳ್ಳಿ. ಮಲಬದ್ಧತೆಗೆ ಕೊಡುವ ಪಂಚಸಕಾರ ಚೂರ್ಣಕ್ಕೆ ಸೋನಾಮುಖಿ, ಶುಂಠಿ, ಬಡೇಸೋಪು, ಅಳಲೆಕಾಯಿ, ಸೈಂಧವ ಲವಣ ಬೇಕು. ಕೆಲಸ ಮಾಡೋದು ಮುಖ್ಯವಾಗಿ ಸೋನಾಮುಖಿ ಎಲೆ. ಒಂದು ಸಲ ಬಂದ ಚೀಲವನ್ನು ಟ್ರೇಗೆ ಸುರಿದಾಗ ಎಲೆಗಳಲ್ಲಿ ಎರಡು ಜಾತಿ ಕಂಡವು. ಸೋನಾಮುಖಿಯ ಎಲೆ ಈಟಿಯ ಹಾಗೆ ಉದ್ದ, ತುದಿ ಚೂಪು, ಹಳದಿ ಮಿಶ್ರಿತ ಹಸಿರು. ಬುಡದಲ್ಲಿ ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ, ಅಂದರೆ ಸಮ ಇರುವುದಿಲ್ಲ. ಇನ್ನೊಂದು ಜಾತಿಯ ಎಲೆ ಗಿಡ್ಡ, ತುದಿ ದುಂಡಗೆ, ಆ ದುಂಡು ತುದಿಯ ನಡುವೆ ಕೂದಲಿನಂಥ ಸಣ್ಣ ಮುಳ್ಳು. ಜೊತೆಗೆ ಕಿವಿಯಾಕಾರದ ಅಗಲ ಚೂರುಗಳೂ ಇದ್ದವು. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಬರುವ ಪತ್ರಗಳು ಅವು. ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಂಗಡಿ! ಬೀಳಗಿ ದಾರಿಯಲ್ಲಿ, ಬಾದಾಮಿಯ ಕಲ್ಲುಗುಡ್ಡದ ಬುಡದಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತಲ್ಲ, ಅದೇ. ಅದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಆದರೆ ಸೋನಾಮುಖಿಯಲ್ಲಿರುವ ಭೇದಿ ಮಾಡಿಸುವ ಸತ್ವ ತಂಗಡಿ ಎಲೆಯಲ್ಲಿ ಸಿಗುವುದಿಲ್ಲ. ಗಂಧಕಾಮ್ಲ ಹಾಕಿದರೆ ತಂಗಡಿ ಎಲೆ ಕಡುಗೆಂಪಾಗುತ್ತದೆ ಅಂತ ಪಠ್ಯಪುಸ್ತಕದಲ್ಲಿದೆ. ಅದು ಕಾಲೇಜಿನ ಲ್ಯಾಬಿನ ಕೆಲಸ, ಮನೆಯಲ್ಲಿ ಆಸಿಡ್ ಹಿಡಿದು ಕೂರಬೇಡಿ. ಲೆನ್ಸ್ ಸಾಕು.

ಚೀಲ ವಾಪಸ್ ಒಯ್ದಾಗ ಅಂಗಡಿಯವರು, "ಎರಡೂ ಒಂದೇ ಜಾತಿ ಗಿಡ ಐತ್ರಿ ಸರ್, ಅಣ್ಣ-ತಮ್ಮ ಇದ್ದಾಂಗ" ಅಂದರು. ಸುಳ್ಳೇನಲ್ಲ, ಹತ್ತಿರದ ಸಂಬಂಧಿಗಳೇ. "ಅಣ್ಣ ಉಂಡ್ರ ತಮ್ಮನ ಹೊಟ್ಟಿ ತುಂಬತೈತೇನ್ರಿ?" ಅಂದೆ. ನಕ್ಕು ಚೀಲ ತಗೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಿಡ ಕಿತ್ತವರು ಯಾರೋ, ಒಣಗಿಸಿದವರು ಯಾರೋ, ದಲಾಲಿ ಇನ್ಯಾರೋ. ನಾಲ್ಕೈದು ಕೈ ದಾಟಿ ಬಂದ ಚೀಲವನ್ನು ಅಂಗಡಿಯವರು ಬಿಚ್ಚಿ ನೋಡಿಯೇ ಇರುವುದಿಲ್ಲ. ಬಿಚ್ಚಿ ನೋಡುವ ಗಿರಾಕಿ ಬರುತ್ತಾನೆ ಅಂತ ಗೊತ್ತಾದ ಮೇಲೆ ಮಾತ್ರ ಅವರೂ ನೋಡೋಕೆ ಶುರು ಮಾಡುತ್ತಾರೆ.

ಕೆಲವಕ್ಕೆ ಲೆನ್ಸೂ ಬೇಡ. ಲವಂಗಕ್ಕೆ ಉಗುರು ಒತ್ತಿ, ಎಣ್ಣೆ ಜಿನುಗಬೇಕು. ಎಣ್ಣೆ ತೆಗೆದು ಒಣಗಿಸಿ ಮಾರುವ ಲವಂಗ ಸುಕ್ಕುಸುಕ್ಕಾಗಿ, ನೀರಿಗೆ ಹಾಕಿದರೆ ಅಡ್ಡಡ್ಡ ತೇಲುತ್ತದೆ. ಅಳಲೆಕಾಯಿ ನೀರಲ್ಲಿ ಮುಳುಗಬೇಕು ಅಂತ ಹಳೇ ಗ್ರಂಥಗಳೇ ಹೇಳಿವೆ. ಮೆಣಸಿನ ಕಾಳಲ್ಲಿ ಪಪ್ಪಾಯಿ ಬೀಜ ಸೇರಿದ್ದರೆ ಅದೂ ತೇಲುತ್ತದೆ. ಕೇಸರಿಯಲ್ಲಿ ಕುಸುಬಿ ಹೂ ಸೇರಿಸುವುದು ಎಲ್ಲರಿಗೂ ಗೊತ್ತು. ನೀರಲ್ಲಿ ನೆನೆಸಿ ಲೆನ್ಸಿಂದ ನೋಡಿ. ಕೇಸರಿಯ ಎಳೆ ತುದಿಗೆ ಹೋಗುತ್ತಾ ತುತ್ತೂರಿಯಂತೆ ಅಗಲ ಆಗುತ್ತದೆ. ಕುಸುಬಿಯದು ಸಣ್ಣ ಕೊಳವೆ, ಬಾಯಲ್ಲಿ ಐದು ಸೀಳು. ವಿಜಯಪುರ ಕಡೆಯ ಹುಡುಗರು ಇದನ್ನು ಲೆನ್ಸ್ ಇಲ್ಲದೇ ಹೇಳಿಬಿಡುತ್ತಾರೆ, ಕುಸುಬಿ ಹೊಲದಲ್ಲೇ ಆಡಿ ಬೆಳೆದವರು ಅಲ್ವಾ.

ಅಶ್ವಗಂಧದಲ್ಲಿ ಬೇರೆ ಥರ. ಅಲ್ಲಿ ಪರಕೀಯ ಗಿಡಕ್ಕಿಂತ ಅದೇ ಗಿಡದ ಕಾಂಡ, ಎಲೆ ಸೇರಿಸುವುದು ಜಾಸ್ತಿ. ಬೇರು ಮುರಿದರೆ ಟಪ್ ಅಂತ ಮುರಿಯಬೇಕು, ಒಳಗೆ ಬೆಳ್ಳಗೆ ಪಿಷ್ಟ ಕಾಣಬೇಕು. ಕಾಂಡ ಆದರೆ ನಾರು ಎಳೆಯುತ್ತದೆ. ಎಲೆಯಲ್ಲಿರುವ ಅಂಶಗಳು ಬೇರಿನಲ್ಲಿ ಇರುವ ಪ್ರಮಾಣದಲ್ಲೇ ಇರುವುದಿಲ್ಲ. 2021ರಲ್ಲಿ ಆಯುಷ್ ಸಚಿವಾಲಯವೇ ಎಲೆ ಬಳಸಬೇಡಿ, ಬೇರನ್ನೇ ಬಳಸಿ ಅಂತ ತಯಾರಕರಿಗೆ ಸಲಹೆ ಕೊಟ್ಟಿತು. ಪುಡಿಯಲ್ಲಿ ಇದನ್ನು ಹೇಗೆ ಗುರುತಿಸುತ್ತೀರಿ, ಹೇಳಿ?

ಅಶೋಕದ ತೊಗಟೆಗೆ ನಾನು ಇನ್ನೂ ಹೆಚ್ಚು ಹೊತ್ತು ಕೂರುತ್ತೇನೆ. ಮುಟ್ಟಿನಲ್ಲಿ ಜಾಸ್ತಿ ರಕ್ತಸ್ರಾವ ಆಗುವ ಹೆಣ್ಣುಮಕ್ಕಳಿಗೆ ಕೊಡುವಂಥದ್ದು ಅದು. ಸರಕಾರಿ ಕಚೇರಿಗಳ ಕಾಂಪೌಂಡಿನಲ್ಲಿ ನೆಟ್ಟಗೆ ಕಂಬದ ಹಾಗೆ ನಿಂತಿರುವ, ಜನ ಅಶೋಕ ಅಂತಲೇ ಕರೆಯುವ ಮರ ಇದಲ್ಲ. ಆದರೆ ಮಾರುಕಟ್ಟೆಗೆ ಅದರ ತೊಗಟೆಯೇ ಸಲೀಸಾಗಿ ಬರುತ್ತದೆ, ಯಾಕಂದ್ರೆ ನಿಜವಾದ ಅಶೋಕ ಪಶ್ಚಿಮ ಘಟ್ಟದ ಕಾಡಿನ ಮರ, ಅದೂ ಕಡಿಮೆಯಾಗುತ್ತಾ ಬಂದಿದೆ. ಅಸಲಿ ತೊಗಟೆಯ ಹೊರಮೈ ಗಂಟುಗಂಟಾಗಿ ಒರಟು, ಒಳಮೈ ಕೆಂಪು ಮಿಶ್ರಿತ ಕಂದು, ಉದ್ದಕ್ಕೂ ಸಣ್ಣ ಗೆರೆ. ನಾಲಿಗೆಗೆ ಒಗರು. ಇಷ್ಟೂ ಕೂಡಿ ಬರದಿದ್ದರೆ ನಾನು ತಗೊಳ್ಳುವುದಿಲ್ಲ. ಆ ತಿಂಗಳು ಬೇರೆ ಔಷಧಿ ಕೊಡುತ್ತೇನೆ.

ಬೇರೆ ಕೊಡುವುದು ತಪ್ಪಲ್ಲ. ನಮ್ಮ ಹಿಂದಿನವರೇ ಪ್ರತಿನಿಧಿ ದ್ರವ್ಯ ಅಂತ ಪಟ್ಟಿ ಮಾಡಿಟ್ಟಿದ್ದಾರೆ. ಅತಿವಿಷ ಸಿಗದಿದ್ದರೆ ಮುಸ್ತಾ, ಅಂದರೆ ನಮ್ಮ ಹೊಲದ ಜೇಕಿನ ಗಡ್ಡೆ. ಮೇದಾ, ಮಹಾಮೇದಾ ಸಿಗದಿದ್ದರೆ ಶತಾವರಿ. ಜೇಕಿನ ಗಡ್ಡೆ ಹಾಕಿ, ಹಾಕಿದ್ದೇನೆ ಅಂತ ಹೇಳಿ ಕೊಟ್ಟರೆ ಅದು ವೈದ್ಯ. ಜೇಕು ಹಾಕಿ ಅತಿವಿಷದ ರೇಟ್ ತಗೊಂಡರೆ ಕಳ್ಳತನ.

ತಪ್ಪು ಗಿಡ ಬಿದ್ದರೆ ಗುಣ ಆಗಲ್ಲ, ಅಷ್ಟೇ ತಾನೇ ಅನ್ನುವವರಿದ್ದಾರೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಒಂದು ಕ್ಲಿನಿಕ್ಕಿನಲ್ಲಿ ಚೀನಾದ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಬಂದು ಸೇರಿತು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು, ಹಲವರಿಗೆ ಮುಂದೆ ಮೂತ್ರನಾಳದಲ್ಲಿ ಕ್ಯಾನ್ಸರ್ ಬಂತು. ನಮ್ಮ ಸಂತೆಗಳಲ್ಲಿ ಹಾವಿನ ವಿಷಕ್ಕೆ ಅಂತ ಮಾರುವ ಈಶ್ವರಿ ಬೇರು ಅದೇ ಜಾತಿಯದು. ನನ್ನ ಕೋಣೆಯಲ್ಲಿ ಅದಕ್ಕೆ ಡಬ್ಬಿಯೇ ಇಲ್ಲ.

ಕಣ್ಣು ಸೋಲುವ ಜಾಗಗಳೂ ಇವೆ. ಜೇನುತುಪ್ಪವನ್ನು ನೀರಿಗೆ ಬಿಟ್ಟು ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇವೆಲ್ಲ ಸುಮ್ನೆ ಸಮಾಧಾನಕ್ಕೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 13 ಬ್ರಾಂಡ್‌ಗಳನ್ನು ಪರೀಕ್ಷೆ ಮಾಡಿಸಿದ ವರದಿ ಹೊರಗೆ ತಂದಿತು. ಸಕ್ಕರೆ ಪಾಕ ಬೆರೆಸಿದ ಜೇನು ಇಲ್ಲಿನ ಮಾಮೂಲಿ ಪರೀಕ್ಷೆಗಳನ್ನೆಲ್ಲ ದಾಟಿಕೊಂಡು ಬರುತ್ತದೆ, ಎನ್‌ಎಂಆರ್ ಎಂಬ ದುಬಾರಿ ಪರೀಕ್ಷೆಗೆ ಮಾತ್ರ ಸಿಗುತ್ತದೆ ಅಂತ ಆಗ ಬಯಲಾಯಿತು. ನಾನು ಜೇನನ್ನು ಖಾನಾಪುರ ಕಡೆ ಪೆಟ್ಟಿಗೆ ಇಟ್ಟಿರುವ ಪರಿಚಯದವರಿಂದಲೇ ತರಿಸುತ್ತೇನೆ. ಬೇರೆ ದಾರಿ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ಕಲಬೆರಕೆ ಗಿಡದ್ದಲ್ಲ, ಅಲೋಪಥಿ ಗುಳಿಗೆಯದು. ಮೊಣಕಾಲು ನೋವಿನ ಹೆಂಗಸೊಬ್ಬರು ಬಂದರು. ಕಬ್ಬಿನ ಹೊಲದಲ್ಲಿ ದುಡಿದ ಮೈ. "ಸಂತ್ಯಾಗ ಒಬ್ಬಾಂವ ಪುಡಿ ಕೊಟ್ಟಾನ್ರಿ, ಮರುದಿನಾನ ನೋವು ಮಾಯ" ಅಂದರು. ಮರುದಿನವೇ ಮಾಯ ಅಂದರೆ ನನಗೆ ಖುಷಿ ಆಗುವುದಿಲ್ಲ, ಹೆದರಿಕೆ ಆಗುತ್ತದೆ. ನಮ್ಮ ಬೇರು-ತೊಗಟೆ ಅಷ್ಟು ಅವಸರದಲ್ಲಿ ಕೆಲಸ ಮಾಡುವವಲ್ಲ. ಮುಖ ನೋಡಿದೆ. ಕೆನ್ನೆ ಉಬ್ಬಿ ಮುಖ ದುಂಡಗಾಗಿತ್ತು, ಕೈಕಾಲು ಸಣ್ಣಗಾಗಿದ್ದವು, ಮೊಣಕೈ ಹತ್ತಿರ ಚರ್ಮ ಕಾಗದದಷ್ಟು ತೆಳುವಾಗಿ ನೀಲಿ ಕಲೆ ಎದ್ದಿದ್ದವು. ಬಿಪಿ ಜಾಸ್ತಿ, ಶುಗರ್ ಹೊಸದಾಗಿ ಬಂದಿತ್ತು. ಪುಡಿಯನ್ನು ಬೆಳಗಾವಿಯ ಲ್ಯಾಬಿಗೆ ಕಳಿಸಿದೆ. ಡೆಕ್ಸಾಮೆಥಸೋನ್ ಇತ್ತು. ಸ್ಟಿರಾಯ್ಡ್.

ಇಲ್ಲಿ ವೈದ್ಯರಿಗೊಂದು ಮಾತು. ಇಂಥ ಪುಡಿ ಕಂಡ ಕೂಡಲೇ ಸಿಟ್ಟಿನಲ್ಲಿ ಕಸಕ್ಕೆ ಹಾಕಿಸಬೇಡಿ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಹೊರಗಿಂದ ಬಂದಾಗ ದೇಹ ತನ್ನದೇ ಸ್ಟಿರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಡಿಸಿದರೆ ವಾಂತಿ, ಸುಸ್ತು, ಬಿಪಿ ಕುಸಿದು ಜೀವಕ್ಕೇ ಬರಬಹುದು. ನಾನು ಆ ದಿನವೇ ಪರಿಚಯದ ಫಿಸಿಶಿಯನ್ ಹತ್ತಿರ ಕಳಿಸಿದೆ. ಅವರು ಬೆಳಗಿನ ಕಾರ್ಟಿಸೋಲ್ ನೋಡಿ, ಗೊತ್ತಿರುವ ಡೋಸಿನ ಸ್ಟಿರಾಯ್ಡ್ ಗುಳಿಗೆ ಕೊಟ್ಟು ಮೆಲ್ಲಗೆ ಇಳಿಸಿದರು. ಆಯುರ್ವೇದದವರು ಅಲೋಪಥಿ ಗುಳಿಗೆಗೆ ಕಳಿಸಿದರು ಅಂತ ಊರಲ್ಲಿ ಯಾರೋ ನಕ್ಕರಂತೆ. ನಗಲಿ.

ನೋವಿನ ಪುಡಿಯಲ್ಲಿ ಸ್ಟಿರಾಯ್ಡ್, ಇಲ್ಲವೇ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ. ಶುಗರಿನ ಪುಡಿಯಲ್ಲಿ ಶುಗರ್ ಗುಳಿಗೆ. ಗಂಡಸರ "ಶಕ್ತಿ" ಲೇಹದಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರಾದಲ್ಲಿರುವ ಔಷಧಿ. ಈಗ ಹೊಸ ರೋಗಿ ಬಂದರೆ ನಾಡಿ ನೋಡುವ ಮುಂಚೆ, ಮನೆಯಲ್ಲಿ ಯಾವ ಪುಡಿ ತಗೊಳ್ಳುತ್ತಿದ್ದೀರಿ ಅಂತ ಕೇಳುತ್ತೇನೆ. ಏನೂ ಇಲ್ಲ ಅನ್ನುತ್ತಾರೆ. ಗಿಡಮೂಲಿಕೆಯನ್ನು ಅವರು ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಕೇಳುವ ರೀತಿ ಬದಲಿಸಿಕೊಂಡಿದ್ದೇನೆ: ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಡಬ್ಬಿ, ಚೀಟಿ, ಪೊಟ್ಟಣ ಕೈಚೀಲದಲ್ಲಿ ಹಾಕಿಕೊಂಡು ಬನ್ನಿ. ಲೇಬಲ್ ಇದ್ದರೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಖು, ಸಾಮಾನಿನ ಪಟ್ಟಿ ನೋಡುತ್ತೇನೆ. ಲೇಬಲ್ಲೇ ಇಲ್ಲದ ಪೊಟ್ಟಣವನ್ನು ತಾರೀಖು ಬರೆದು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ. ನಾಳೆ ಜಿಲ್ಲಾ ಆಯುಷ್ ಅಧಿಕಾರಿಗೆ ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿ ಮಾಲು ಇರಬೇಕಲ್ಲ.