ದಾವಣಗೆರೆಗೆ ಮನೆ ಮಾಡ್ತೀರಾ? ಮೊದಲು ನೀರಿನ ದಿನ ಕೇಳಿ

ಜಗಳೂರು ಕಡೆಯ ನಮ್ಮ ಹಳ್ಳಿ ಬಿಟ್ಟು, ಮಕ್ಕಳ ಓದಿಗೆ ಅಂತ ದಾವಣಗೆರೆಗೆ ಬಂದು ಮನೆ ಮಾಡಿ ಆರು ವರ್ಷ ಆಯ್ತು. ಯಜಮಾನರು ಊರಲ್ಲೇ ಹೊಲ, ದನ ನೋಡ್ಕೊಂಡಿದ್ದಾರೆ. ಈಗ ನಮ್ಮ ಕಡೆಯಿಂದ ಯಾರೇ ಬರೋದಿದ್ರೂ "ಅಕ್ಕ, ಒಂದು ಮನೆ ನೋಡ್ರಿ" ಅಂತ ನನಗೇ ಫೋನು. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳೋ ಬದಲು ಬರೆದೇಬಿಡ್ತೀನಿ.

ಮನೆ ನೋಡುವಾಗ ಬಾಡಿಗೆ ಕೊನೆಗೆ ಕೇಳಿ. ಮೊದಲ ಪ್ರಶ್ನೆ, "ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟೊತ್ತಿಗೆ ಬಿಡ್ತಾರೆ?" ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರಾ ಹೊಳೆಯಿಂದ ಈ ಊರಿಗೆ ನೀರು ಎತ್ತುತ್ತಾರೆ. ಭದ್ರಾ ನಾಲೆ ಹರಿಯುವಾಗ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಿಸ್ಕೊಳ್ತಾರೆ. ಹೊಳೆ ಬತ್ತಿ, ನಾಲೆಯೂ ನಿಂತರೆ ಕೆರೆಯಲ್ಲಿ ಇದ್ದಷ್ಟೇ ಗತಿ. ಹಾಗಾಗಿ ಓನರ್ ಮುಂದೆಯೇ ಸಂಪಿನ ಮುಚ್ಚಳ ತೆಗೆಸಿ ಬಗ್ಗಿ ನೋಡಿ. "ಸಂಪೈತಿ" ಅಂತಾರೆ, ಕೇಳಿದ್ರೆ ಮೂರು ಮನೆಗೆ ಅದೊಂದೇ. ಕರೆಂಟ್ ಮೀಟರ್ ಬೇರೆ ಇದೆಯಾ ಅನ್ನೋದನ್ನೂ ಕೇಳ್ಕೊಂಡುಬಿಡಿ. ನಾಚಿಕೆ ಏನೂ ಬೇಡ.

ನಾನು ಕೇಳಿರಲಿಲ್ಲ. ಬಂದ ಎರಡನೇ ದಿನ ಮಕ್ಕಳನ್ನ ಸ್ಕೂಲಿಗೆ ಬಿಟ್ಟು, ತರಕಾರಿ ತಗೊಂಡು ಬರೋಷ್ಟರಲ್ಲಿ ಬೀದಿಯೆಲ್ಲ ಒದ್ದೆ. ನೀರು ಬಂದು ಹೋಗಿತ್ತು. ನಲ್ಲಿ ತಿರುವಿದ್ರೆ ಬುಸ್ ಅಂತ ಗಾಳಿ. ನಮ್ಮೂರಲ್ಲಿ ಬರ ನೋಡಿದವಳು ನಾನು, ಆದ್ರೂ ಅವತ್ತು ಖಾಲಿ ಡ್ರಮ್ ಮುಂದೆ ಕೂತು ಅತ್ತೆ. ಎದುರು ಮನೆ ಅಜ್ಜಿ ಎರಡು ಕೊಡ ನೀರು ತಂದಿಟ್ಟು ಬೈದಳು, "ಕೊಡ ಬಾಗ್ಲಾಗ ಇಟ್ಟು ಹೋಗಬೇಕವ್ವ. ಒಳಗಿಟ್ಟು ಬೀಗ ಹಾಕಿದ್ರೆ ಯಾರು ತುಂಬ್ಸ್ಯಾರು?"

ಅವತ್ತಿನಿಂದ ಇವತ್ತಿನವರೆಗೂ ಹೊರಗೆ ಹೋಗುವಾಗ ನನ್ನ ಎರಡು ಕೊಡ ಬಾಗಿಲಲ್ಲೇ. ಕೆಂಪು ಪೇಂಟಲ್ಲಿ ಮಗಳ ಹೆಸರಿನ ಮೊದಲ ಅಕ್ಷರ ಬರೆದಿದೆ, ಅದಲುಬದಲಾಗಬಾರದು ಅಂತ. ಪೇಟೆಯವರು ಯಾರನ್ನೂ ಮಾತಾಡಿಸಲ್ಲ ಅಂತ ಊರಲ್ಲಿ ಹೇಳಿ ಕಳಿಸಿದ್ರು. ತಾವಾಗಿ ಮಾತಾಡಿಸಲ್ಲ, ಅದು ನಿಜ. ಕೊಡ ಕಂಡ್ರೆ ತುಂಬಿಸ್ತಾರೆ, ತುಂಬಿಸಿದವರನ್ನ ನೀವು ಮಾತಾಡಿಸಬೇಕಾಗುತ್ತೆ. ಮೊದಲ ತಿಂಗಳು ನೀವೂ ಎರಡು ಮನೆಯ ಕೊಡ ತುಂಬಿಸಿ.

ದಾರಿ ಕಲಿಯೋದು ಕಷ್ಟ ಇಲ್ಲ. ರೈಲ್ವೆ ಹಳಿ ನೆನಪಿಟ್ಕೊಳ್ಳಿ ಸಾಕು. ಒಂದು ಕಡೆ ಹಳೇ ಊರು: ಚೌಕಿಪೇಟೆ, ಮಂಡಿಪೇಟೆ, ದುರ್ಗಮ್ಮನ ಗುಡಿ. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ವಿದ್ಯಾನಗರ. ಸ್ಕೂಲು, ಕಾಲೇಜು, ಕೋಚಿಂಗು ಬಹಳಷ್ಟು ಈ ಕಡೆಗೇ. ಸಾಮಾನು, ಬಟ್ಟೆ ಅಗ್ಗಕ್ಕೆ ಬೇಕಾದ್ರೆ ಆ ಕಡೆ ಹೋಗಿ. ಚೌಕಿಪೇಟೆಗೆ ಹಬ್ಬದ ಹಿಂದಿನ ದಿನ ಮಾತ್ರ ಹೋಗಬೇಡಿ, ಮಕ್ಕಳ ಕೈ ಹಿಡಿಯೋದಾ ಚೀಲ ಹಿಡಿಯೋದಾ ಗೊತ್ತಾಗಲ್ಲ. ಗಾಂಧಿ ಸರ್ಕಲ್ ದಾಟೋಕೆ ಭಯ ಆದ್ರೆ ಹೂವಿನ ಬುಟ್ಟಿ ಹೊತ್ತ ಯಾವುದಾದ್ರೂ ಹೆಂಗಸಿನ ಹಿಂದೆ ನಡೀರಿ. ಆಟೋದವರು ಆಕೆಗೆ ನಿಲ್ಲಿಸ್ತಾರೆ, ನಮಗೆ ನಿಲ್ಲಿಸಲ್ಲ.

ಬೆಣ್ಣೆ ದೋಸೆ ದಿನಾ ತಿನ್ನೋ ಊರು ಅಂದ್ಕೊಂಡು ಮಕ್ಕಳು ಬರ್ತಾರೆ. ತಿಂಗಳಿಗೊಮ್ಮೆ ಅಂತ ಮೊದಲೇ ಹೇಳಿಬಿಡಿ. ಸಂಜೆ ಮಂಡಕ್ಕಿ, ಮಿರ್ಚಿ ಸಾಕು, ಅದು ಕಡಿಮೆ ಖರ್ಚು. ಎದುರು ಮನೆಗೂ ಒಂದು ಪೊಟ್ಟಣ ಕೊಡಬಹುದು.

ರೊಟ್ಟಿ ಜೋಳ, ಬೇಳೆ, ಶೇಂಗಾ ಊರಿಂದಲೇ ತರಿಸ್ಕೊಳ್ಳಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಗಿರೋದ್ರಿಂದ ನಾನೇ ಹೋಗಿ ತರ್ತೀನಿ. ಆಧಾರ್ ಮರೀಬೇಡಿ, ಖಾಸಗಿ ಬಸ್ಸಲ್ಲಿ ಇದು ನಡೆಯಲ್ಲ. ಮೊದಲ ವರ್ಷ ಪ್ರತಿ ವಾರ ಊರಿಗೆ ಓಡ್ತಿದ್ದೆ. ಮಕ್ಕಳೂ ಹೊಂದಲಿಲ್ಲ, ನಾನೂ ಹೊಂದಲಿಲ್ಲ. ಮೂರು ವಾರಕ್ಕೊಮ್ಮೆ ಅಂತ ಮಾಡಿದ ಮೇಲೆ ಭಾನುವಾರ ಬೀದಿಯಲ್ಲಿ ಯಾರ್ಯಾರು ಇರ್ತಾರೆ ಅಂತ ಗೊತ್ತಾಯ್ತು.

ಇನ್ನು ದುರ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುತ್ತೆ, ಪೇಟೆಯಲ್ಲಿ ನಿಮ್ಮ ಮನೆ ಇದೆ ಅಂತ ಗೊತ್ತಿರೋ ನೆಂಟರೆಲ್ಲ ಬರ್ತಾರೆ. ಹೋದ ಸಲ ನಮ್ಮ ಎರಡು ರೂಮಲ್ಲಿ ಹದಿನಾಲ್ಕು ಜನ. ಆ ವಾರಕ್ಕೆ ಚಾಪೆ ಎದುರು ಮನೆಯಿಂದ ಇಸ್ಕೊಳ್ಳಿ, ನೀರಿಗೆ ಒಂದು ಟ್ಯಾಂಕರ್ ಮುಂಚೆಯೇ ಹೇಳಿಟ್ಟಿರಿ. ಓನರ್‌ಗೂ ಒಂದು ಮಾತು ಹೇಳಿ, ಸಂಪು ಅವರದೂ ಅದೇ.