ತಕಿಟ ತಕಿಟ ತಕ: ನನಗೆ ಡೆಮ್‌ಬೋ ಸಿಕ್ಕಿದ್ದು ಹೀಗೆ

ನಾನು ಮೊದಲು ಮಾಡಿದ ರೆಗೆಟೋನ್ ಬೀಟ್‌ಗೆ ಜೀವವೇ ಇರಲಿಲ್ಲ. ರೆಗೆಟೋನ್ ಅಂದರೆ ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ ಬೆಳೆದ, ಸ್ಪ್ಯಾನಿಷ್‌ನಲ್ಲಿ ಹಾಡುವ ಕುಣಿತದ ಸಂಗೀತ, ಅದರ ಮೂಲ ತಾಳವೇ ಡೆಮ್‌ಬೋ. ಕಿಕ್ (ದಪ್ಪ ಸದ್ದಿನ ಡ್ರಮ್) ಸರಿ, ಸ್ನೇರ್ (ಚುರುಕು ಸದ್ದಿನ ಡ್ರಮ್) ಸರಿ, ಆದರೂ ಕಾಲು ಅಲುಗುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ರೆಡಿ ಸಿಗುವ ಡ್ರಮ್ ಸದ್ದು ಹಾಕಿಕೊಂಡು, 2004ರ ‘ಗ್ಯಾಸೊಲಿನಾ’ ಥರ ಬರಲಿ ಅಂತ ಎರಡು ವಾರ ಒದ್ದಾಡಿದೆ. ಆದರೆ ಡ್ಯಾಡಿ ಯಾಂಕಿ ಆ ಹಾಡಿಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ಕ್ಯಾಸೆಟ್‌ಗಳಲ್ಲಿ ಹಾಡಿ ಬಂದವರು. ಆ ಕ್ಯಾಸೆಟ್‌ಗಳನ್ನೇ ನಾನು ಕೇಳಿರಲಿಲ್ಲ.

ಹಾಗಾಗಿ ಡಿಜೆ ಪ್ಲಯೇರೊ ಮಾಡಿದ ಕ್ಯಾಸೆಟ್‌ಗಳನ್ನು ಹುಡುಕಿ ಕೇಳಿದೆ. ‘ಪ್ಲಯೇರೊ 37’, ಆಮೇಲೆ ‘38’. 90ರ ದಶಕದ ಮೊದಲರ್ಧದಲ್ಲಿ ಪೋರ್ಟೊರಿಕೊದ ಸಾನ್ ಹುವಾನ್‌ನಲ್ಲಿ ಮಾಡಿದ ಮಿಕ್ಸ್‌ಟೇಪ್‌ಗಳು ಇವು. ಆಗ ಈ ಸಂಗೀತಕ್ಕೆ ಸುಮ್ನೆ ‘ಅಂಡರ್‌ಗ್ರೌಂಡ್’ ಅನ್ನುತ್ತಿದ್ದರು. ಮನೆಯಲ್ಲೇ ರೆಕಾರ್ಡ್ ಮಾಡೋದು, ಕಾಪಿ ಮಾಡೋದು, ಕೈಯಿಂದ ಕೈಗೆ ದಾಟಿಸೋದು. ವಿಲ್ಲಾ ಕೆನಡಿ ಅನ್ನುವ ಸರ್ಕಾರಿ ವಸತಿ ಸಮುಚ್ಚಯದ ಹುಡುಗನಾಗಿದ್ದ ಡ್ಯಾಡಿ ಯಾಂಕಿಯ ದನಿ ‘37’ರಲ್ಲೇ ಇದೆ.

ಹೆಡ್‌ಫೋನ್ ಹಾಕಿ ಕೇಳಿದಾಗ ಒಂದು ವಿಷಯ ಗೊತ್ತಾಯಿತು. ಬೀಟ್ ಒಂದೇ ಕಡೆ ನಿಲ್ಲೋದೇ ಇಲ್ಲ! ಹಾಡುವವನು ಅವನೇ, ಆದರೆ ಕೆಳಗಿನ ತಾಳ ‘ಡೆಮ್‌ಬೋ’ದಿಂದ ‘ಬ್ಯಾಮ್ ಬ್ಯಾಮ್’ಗೆ ಹಾರುತ್ತದೆ, ಇನ್ನೊಂದಕ್ಕೆ ಹಾರುತ್ತದೆ, ಮತ್ತೆ ವಾಪಸ್ ಬರುತ್ತದೆ. ಇವೆಲ್ಲ ಜಮೈಕಾದ ರಿಡಿಮ್‌ಗಳು, ಅಂದರೆ ಯಾರು ಬೇಕಾದರೂ ಮೇಲೆ ಹಾಡಬಹುದಾದ ವಾದ್ಯದ ಟ್ರ್ಯಾಕ್‌ಗಳು. ಪೋರ್ಟೊರಿಕೊದ ಹುಡುಗರು ಅವನ್ನು ರೆಕಾರ್ಡಿನಿಂದ ಕತ್ತರಿಸಿ ಅಂಟಿಸಿದರು. ನನ್ನ ಬೀಟಿನಲ್ಲೋ ಮೂರು ನಿಮಿಷ ಒಂದೇ ಸ್ನೇರ್.

ಆಮೇಲೆ ಹಿಂದಕ್ಕೆ ಹಿಂದಕ್ಕೆ ಕೇಳುತ್ತಾ ಹೋದೆ. ಈ ತಾಳಕ್ಕೆ ಹೆಸರು ಕೊಟ್ಟದ್ದು ಜಮೈಕಾದ ಶಾಬಾ ರ‍್ಯಾಂಕ್ಸ್ ಹಾಡಿದ ‘ಡೆಮ್ ಬೋ’, ಅದಕ್ಕೆ ತಾಳ ಕಟ್ಟಿದವರು ಅಲ್ಲಿನದೇ ಜೋಡಿ ಸ್ಟೀಲಿ ಮತ್ತು ಕ್ಲೀವಿ. ಅದನ್ನು ಪನಾಮಾದ ನಾಂಡೊ ಬೂಮ್ ಮತ್ತು ಎಲ್ ಜೆನೆರಾಲ್ ಸ್ಪ್ಯಾನಿಷ್‌ಗೆ ತಂದರು. ಕಾಲುವೆ ತೋಡಲು ಕೆರಿಬಿಯನ್ ದ್ವೀಪಗಳಿಂದ ಪನಾಮಾಕ್ಕೆ ಹೋದ ಕೂಲಿಗಳ ಮೊಮ್ಮಕ್ಕಳ ಕಾಲಕ್ಕೆ ಅಲ್ಲಿ ರೆಗ್ಗೆ ಮನೆಮಾತಾಗಿತ್ತು. ನಾಂಡೊ ಬೂಮ್‌ನ ಹಾಡಿಗೆ ನ್ಯೂಯಾರ್ಕಿನಲ್ಲಿ ಡೆನಿಸ್ ‘ದಿ ಮೆನೇಸ್’ ಥಾಂಪ್ಸನ್ ಹೊಸದಾಗಿ ತಾಳ ಮಾಡಿಕೊಟ್ಟರು. ಅದರ ಬರೀ ವಾದ್ಯದ ಟ್ರ್ಯಾಕೇ ಪೋರ್ಟೊರಿಕೊದ ಡಿಜೆಗಳ ಕೈಗೆ ಸಿಕ್ಕಿದ್ದು.

ಈಗ ತಾಳ. ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, 16 ಮನೆ. ಕಿಕ್ 1, 5, 9, 13ಕ್ಕೆ. ಸ್ನೇರ್ 4, 7, 12, 15ಕ್ಕೆ. ನಂಬರ್ ನೋಡಿಕೊಂಡು ಕ್ಲಿಕ್ ಮಾಡುತ್ತಿದ್ದಾಗ ಕೈಗೆ ಬರಲೇ ಇಲ್ಲ. ಚಿಕ್ಕವನಿದ್ದಾಗ ಮೃದಂಗ ಕಲಿತಿದ್ದೆ, ಹಾಗಾಗಿ ಒಂದಿನ ಬಾಯಲ್ಲಿ ‘ತಕಿಟ ತಕಿಟ ತಕ’ ಅಂತ ಹೇಳಿ ನೋಡಿದೆ. ಮೂರು, ಮೂರು, ಎರಡು, ಒಟ್ಟು ಎಂಟು. ಒಂದು ಬಾರ್‌ಗೆ ಎರಡು ಸಲ. ಮೊದಲ ‘ತ’ಗೆ ಕಿಕ್, ಮುಂದಿನ ಎರಡು ‘ತ’ಗೆ ಸ್ನೇರ್. ಸರಿಯಾಗಿ ಕೂತಿತು. ಐದನೇ ಮನೆಯ ಕಿಕ್ ಎರಡನೇ ‘ತಕಿಟ’ದ ಒಳಗೆ ಬೀಳುತ್ತದೆ, ಆ ಎಳೆದಾಟವೇ ಕುಣಿಸೋದು. ವೇಗ ನಿಮಿಷಕ್ಕೆ 95 ಬೀಟ್ ಇಟ್ಟುಕೊಂಡೆ.

ಸದ್ದು ಮಾತ್ರ ಇನ್ನೂ ಜಾಸ್ತಿ ನುಣುಪು. ಮನೆಯಲ್ಲಿ ಹಳೇ ಟೂ-ಇನ್-ವನ್ ಇತ್ತು. ಡ್ರಮ್ಮನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ ಕ್ಯಾಸೆಟ್ಟಿಗೆ ಹಿಡಿದೆ, ಆ ಕ್ಯಾಸೆಟ್ಟನ್ನು ಮತ್ತೆ ಫೋನಿಗೆ ಹಿಡಿದೆ, ಅದರಿಂದ ಮೂರು ಬೇರೆ ಬೇರೆ ಸ್ನೇರ್ ಕತ್ತರಿಸಿ ಎಂಟೆಂಟು ಬಾರ್‌ಗೆ ಒಂದೊಂದು ಬದಲಾಗುವ ಹಾಗೆ ಜೋಡಿಸಿದೆ. ಮೊದಲ ಸಲ ಕಾಲು ತಾನಾಗೇ ಅಲುಗಿತು.

ಈ ಸದ್ದಿಗಾಗಿ ಪೋರ್ಟೊರಿಕೊದವರು ಪಟ್ಟ ಪಾಡು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. 1995ರಲ್ಲಿ ಸಾನ್ ಹುವಾನ್ ಕಡೆಯ ಆರು ಅಂಗಡಿಗಳ ಮೇಲೆ ಪೊಲೀಸರು ದಾಳಿ ಮಾಡಿ, ಅಶ್ಲೀಲ ಅಂತ ಕ್ಯಾಸೆಟ್‌ಗಳನ್ನು ಹೊತ್ತೊಯ್ದರು. ‘ನಾವು ರ‍್ಯಾಪರ್‌ಗಳು, ಅಪರಾಧಿಗಳಲ್ಲ’ ಅಂತ ಹಾಡಿದ ಐವಿ ಕ್ವೀನ್ ಬಂದದ್ದು ಡಿಜೆ ನೀಗ್ರೊ ಅವರ ‘ದಿ ನಾಯ್ಸ್’ ಬಳಗದಿಂದ. ಗಂಡಸರೇ ತುಂಬಿದ್ದ ಆ ಬಳಗದಲ್ಲಿ ಅವಳ ದಪ್ಪ ದನಿ ಕೇಳಿ, ಬೇಕಾದರೆ ಇವತ್ತೇ.

ನನ್ನ ಟ್ರ್ಯಾಕಿನ ಹೆಸರಿನ ಕೆಳಗೆ ಸ್ಟೀಲಿ, ಕ್ಲೀವಿ, ಡೆನಿಸ್, ಪ್ಲಯೇರೊ ನಾಲ್ವರ ಹೆಸರೂ ಬರೆದಿದ್ದೇನೆ. ಎರಡನೇ ಟ್ರ್ಯಾಕಿನಲ್ಲಿ ‘ಬ್ಯಾಮ್ ಬ್ಯಾಮ್’ಗೆ ಹಾರುವ ಜಾಗ ಇನ್ನೂ ಎಡವುತ್ತಿದೆ, ಈ ವಾರ ಅದನ್ನೇ ತಿದ್ದುತ್ತಿದ್ದೇನೆ.