ದಾವಣಗೆರೆ ಬಿಸಿಲಿಗೆ ಚರ್ಮದ ಗ್ಲೌಸ್: ನಾನು ಆರಿಸಿದ ಬಗೆ

ಈ ಬಿಸಿಲಲ್ಲಿ ಬೈಕ್ ಓಡಿಸೋಕೆ ಚರ್ಮದ ಗ್ಲೌಸಾ ಅಂತ ಆಫೀಸಿನಲ್ಲಿ ನಕ್ಕವರೇ ಜಾಸ್ತಿ. ಅವರ ಮಾತಲ್ಲಿ ಅರ್ಧ ನಿಜವೂ ಇದೆ. ಏಪ್ರಿಲ್‌ನಲ್ಲಿ ಬೆವರಿಗೆ ಅಂಟಿಕೊಳ್ಳುವ ಗ್ಲೌಸು ಮನೆಯ ಮೊಳೆಗೇ ನೇತಾಡುತ್ತದೆ, ಕೈಗೆ ಬರುವುದಿಲ್ಲ. ಅದಕ್ಕೇ ನನ್ನ ಮೊದಲ ಷರತ್ತು ಇಷ್ಟೇ ಇತ್ತು: ಹಾಲು ತರೋಕೆ ಹೊರಟಾಗಲೂ ಹಾಕಿಕೊಳ್ಳಲು ಬೇಜಾರಾಗಬಾರದು.

ನಾನು ದಿನಾ ಓಡಾಡುವುದು ದಾವಣಗೆರೆಯಿಂದ ಹರಿಹರಕ್ಕೆ, ಸುಮಾರು 14 ಕಿಲೋಮೀಟರ್. ಆಗಾಗ ಹೈವೇ ಹಿಡಿದು ಚಿತ್ರದುರ್ಗಕ್ಕೆ. ಸುಗ್ಗಿ ಬಂತೆಂದರೆ ಹಳ್ಳಿ ರಸ್ತೆ, ಸರ್ವಿಸ್ ರಸ್ತೆ ಮೇಲೆಲ್ಲ ಮೆಕ್ಕೆಜೋಳ ಹರವಿರುತ್ತಾರೆ. ಒಣಗಿಸಲು ರೈತರಿಗಾದರೂ ಬೇರೆ ಜಾಗ ಎಲ್ಲಿದೆ? ಆದರೆ ಕಾಳಿನ ಮೇಲೆ ಮುಂದಿನ ಚಕ್ರ ಹತ್ತಿದರೆ ಮುಗೀತು, 30ರ ಸ್ಪೀಡಲ್ಲೂ ಗಾಡಿ ಜಾರುತ್ತದೆ. ಬೀಳುವಾಗ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಅಂಗೈ ನೆಲಕ್ಕೆ ಉಜ್ಜುತ್ತದೆ. ಮಣಿಕಟ್ಟಿನೊಳಗೆ, ಹೆಬ್ಬೆರಳಿನ ಕಡೆ, ಸ್ಕ್ಯಾಫಾಯ್ಡ್ ಅನ್ನುವ ಗೋಡಂಬಿಯಂಥ ಪುಟ್ಟ ಮೂಳೆಯಿದೆ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಮುರಿದರೆ ಕೂಡಿಕೊಳ್ಳುವುದು ಬಲು ನಿಧಾನ.

ಹಾಗಾಗಿ ಅಂಗಡಿಯಲ್ಲಿ ನಾನು ಗ್ಲೌಸ್ ಕೈಗೆ ತಗೊಂಡ ತಕ್ಷಣ ತಿರುಗಿಸಿ ಅಂಗೈ ಕಡೆ ನೋಡುತ್ತೇನೆ. ಗೆಣ್ಣಿನ ಮೇಲಿನ ಹೊಳೆಯುವ ಚಿಪ್ಪಿನ ಮಾತು ಆಮೇಲೆ. ಅಂಗೈ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡರ್ ಇದ್ದರೆ ಕೈ ಡಾಂಬರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಬರೀ ಚರ್ಮವಾದರೆ ನೆಲಕ್ಕೆ ಕಚ್ಚಿಕೊಂಡು ಮಣಿಕಟ್ಟು ತಿರುಚುವ ಸಾಧ್ಯತೆ ಜಾಸ್ತಿ. ಸ್ಲೈಡರ್ ಇಲ್ಲದಿದ್ದರೆ ಆ ಜಾಗದಲ್ಲಿ ಎರಡು ಪದರ ಚರ್ಮವಾದರೂ ಇರಬೇಕು.

ಚರ್ಮದಲ್ಲಿ ನಾನು ಆರಿಸಿದ್ದು ಮೇಕೆಯದು. ದನದ ಚರ್ಮ ದಪ್ಪ, ಉಜ್ಜಾಟಕ್ಕೆ ಒಳ್ಳೆಯದು, ಆದರೆ ಮೆತ್ತಗಾಗಲು ಬಹಳ ದಿನ ಬೇಕು. ಮೇಕೆ ಚರ್ಮ ತೆಳ್ಳಗಿದ್ದರೂ ಗಟ್ಟಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ಗಾಳಿಯಾಡುವ ತೂತು ಕೈ ಮೇಲ್ಭಾಗದಲ್ಲಿ, ಬೆರಳ ಸಂದಿಯಲ್ಲಿ ಇರಲಿ. ಅಂಗೈಯಲ್ಲಿ ಬೇಡವೇ ಬೇಡ. ಪಿಯು ಲೆದರ್ ಅಂತ ಬರೆದಿದ್ದರೆ ಅದು ರೆಕ್ಸಿನ್ ಅಂತಲೇ ತಿಳಿಯಿರಿ. ಅನುಮಾನ ಬಂದರೆ ಕತ್ತರಿಸಿದ ಅಂಚು ನೋಡಿ. ಚರ್ಮವಾದರೆ ನಾರುನಾರಾಗಿ ಕಾಣುತ್ತದೆ, ರೆಕ್ಸಿನ್ ಆದರೆ ಕೆಳಗೆ ಬಟ್ಟೆ ಇಣುಕುತ್ತದೆ.

ಇನ್ನು ಅಳತೆ. ಅಂಗಡಿಯವರು "ಸರ್, ಸ್ವಲ್ಪ ಲೂಸ್ ಇದ್ರೆ ಗಾಳಿ ಆಡ್ತತಿ, ಇದನ್ನೇ ತಗೊಳ್ರಿ" ಅಂದರು. ನಾನು ಗ್ಲೌಸ್ ಹಾಕಿಕೊಂಡೇ ಹೊರಗೆ ಬಂದು ನನ್ನ ಗಾಡಿ ಮೇಲೆ ಕೂತೆ. ನಿಂತು ಕೈ ಚಾಚಿದಾಗ ಸರಿ ಅನಿಸಿದ್ದ ಜೊತೆ, ಹ್ಯಾಂಡಲ್ ಹಿಡಿದ ಕೂಡಲೇ ಹೆಬ್ಬೆರಳ ಸಂದಿಯಲ್ಲಿ ಮುದ್ದೆಯಾಯಿತು. ಒಂದು ಸೈಜ್ ಚಿಕ್ಕದು ಕೇಳಿದೆ. ಅದು ಅಂಗೈ ಅಗಲಕ್ಕೆ ಬಿಗಿ, ಆದರೆ ಬೆರಳ ತುದಿ ಒತ್ತುತ್ತಿರಲಿಲ್ಲ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಬೆರಳುದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ಅದೇ ಸರಿ ಅನಿಸಿತು. ಹತ್ತಾರು ಸಲ ಕ್ಲಚ್ ಒತ್ತಿ ಬಿಟ್ಟೆ, ಇಂಡಿಕೇಟರ್ ಹಾಕಿ ತೆಗೆದೆ. ಒಳಗಿನ ಹೊಲಿಗೆ ಕಿರುಬೆರಳಿಗೆ ಚುಚ್ಚುತ್ತದೆಯೇ ಅಂತ ಗಮನಿಸಿದೆ. ಕೊನೆಗೆ ಮಣಿಕಟ್ಟಿನ ಪಟ್ಟಿ ಬಿಗಿದು, ಅಂಗಡಿ ಹುಡುಗನಿಗೆ "ಬೆರಳು ಹಿಡಿದು ಜಗ್ಗಪ್ಪಾ" ಅಂದೆ. ಅವನು ನಗುತ್ತಲೇ ಜಗ್ಗಿದ, ಗ್ಲೌಸ್ ಬರಲಿಲ್ಲ. ಅದಕ್ಕೂ ಮೊದಲು ನೋಡಿದ್ದ ಒಂದು ಚೆಂದದ ಜೊತೆ, ಪಟ್ಟಿ ಹಾಕಿದ್ದರೂ ಸಲೀಸಾಗಿ ಕಳಚಿ ಬಂದಿತ್ತು. ಬಿದ್ದಾಗ ಕೈಯಲ್ಲಿ ಉಳಿಯದ ಗ್ಲೌಸಿಗೆ ದುಡ್ಡು ಯಾಕೆ ಅಲ್ವಾ?

ನಮ್ಮಲ್ಲಿ ಗ್ಲೌಸ್ ಹಾಕಲೇಬೇಕೆಂಬ ಕಾನೂನಿಲ್ಲ. ಅದಕ್ಕೇ ಬೈಕ್ ಗ್ಲೌಸಿಗೆ ಯುರೋಪಿನಲ್ಲಿರುವ ಸುರಕ್ಷತಾ ನಿಯಮ ಇಎನ್ 13594ರ ಗುರುತು ಒಳಗಿನ ಲೇಬಲ್ಲಿನಲ್ಲಿದೆಯೇ ಅಂತ ಹುಡುಕಿದೆ. 2015ರ ಆ ನಿಯಮದಂತೆ ಉಜ್ಜುವ ಪರೀಕ್ಷೆಯಲ್ಲಿ 1ನೇ ಹಂತದ ಗ್ಲೌಸು ಕನಿಷ್ಠ 4 ಸೆಕೆಂಡ್, 2ನೇ ಹಂತದ್ದು 8 ಸೆಕೆಂಡ್ ತಾಳಬೇಕು. ಕೆಪಿ ಅಂತಲೂ ಇದ್ದರೆ ಗೆಣ್ಣಿನ ರಕ್ಷಣೆಯೂ ಪರೀಕ್ಷೆ ದಾಟಿದೆ ಅಂತ ಅರ್ಥ. ಊರೊಳಗಿನ ಓಡಾಟಕ್ಕೆ 1ನೇ ಹಂತದ, ಮಣಿಕಟ್ಟಿಗೇ ಮುಗಿಯುವ ಗಿಡ್ಡ ಗ್ಲೌಸ್ ನನಗೆ ಸಾಕು. ಬರೀ ಹೈವೇ ಓಡಿಸುವವರಿಗೆ ಉದ್ದದ್ದೇ ವಾಸಿ.

ಅಂಗೈಯಲ್ಲಿ ದಪ್ಪ ಸ್ಪಂಜು ಇರುವುದು ಆರಾಮ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ದುರ್ಗದ ಗಾಳಿಯಂತ್ರಗಳ ಸೀಮೆಯಲ್ಲಿ ಅಡ್ಡಗಾಳಿ ಹೊಡೆದಾಗ ಹ್ಯಾಂಡಲ್ ಬಿಗಿ ಹಿಡಿಯಲೇಬೇಕಾಗುತ್ತದೆ. ಆಗ ಹಿಡಿತ ದಪ್ಪವಾದಷ್ಟೂ ಬೆರಳು ಬೇಗ ಸೋಲುತ್ತವೆ.

ಮಳೆಯಲ್ಲಿ ನೆಂದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಇಟ್ಟರೆ, ಬಿಸಿ ಎಂಜಿನ್ ಮೇಲೆ ಹಾಕಿದರೆ ಚರ್ಮ ಸೆಟೆದುಕೊಂಡು ಬಿರಿಯುತ್ತದೆ. ಒಣಗಿದ ಮೇಲೆ ಲೆದರ್ ಕಂಡೀಷನರ್ ಚೂರೇ ಚೂರು ಸವರಿದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಿ ಅಂತ ಮನೆಯಲ್ಲಿ ಹೇಳುತ್ತಾರೆ, ನಾನು ಹಚ್ಚುವುದಿಲ್ಲ. ನಮ್ಮ ರಸ್ತೆಯ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.